ಪ್ರತಿ ಗುಂಪಿಗೆ ಆರು ಇಲಿ: ಈ ಲೆಕ್ಕ ಎಲ್ಲಿಂದ ಬಂತು?

ಔಷಧಶಾಸ್ತ್ರದ ಯಾವುದಾದರೂ ನಿಯತಕಾಲಿಕದಲ್ಲಿ ಪ್ರಾಣಿಪ್ರಯೋಗವನ್ನು ಆಧರಿಸಿದ ಪ್ರಬಂಧವೊಂದನ್ನು ತೆರೆದು ನೋಡಿ. ‘ವಿಧಾನಗಳು’ ಎಂಬ ಭಾಗದ ಕೊನೆಯಲ್ಲಿ ಮೂರು ನಾಲ್ಕು ಸಾಲುಗಳ ಒಂದು ಪುಟ್ಟ ಪರಿಚ್ಛೇದ ಕಣ್ಣಿಗೆ ಬೀಳುತ್ತದೆ. ಫಲಿತಾಂಶಗಳನ್ನು ಸರಾಸರಿ ಮತ್ತು ಮಾನಕ ದೋಷದ ರೂಪದಲ್ಲಿ ಕೊಡಲಾಗಿದೆ. ಪ್ರತಿ ಗುಂಪಿನಲ್ಲಿ ಆರು ಪ್ರಾಣಿಗಳಿದ್ದವು. ಗುಂಪುಗಳ ನಡುವಣ ವ್ಯತ್ಯಾಸವನ್ನು ಅನೋವಾ ವಿಧಾನದಿಂದಲೂ ಅನಂತರ ಡನೆಟ್ ಪರೀಕ್ಷೆಯಿಂದಲೂ ವಿಶ್ಲೇಷಿಸಲಾಗಿದೆ. ಪಿ ಮೌಲ್ಯ 0.05ಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸವನ್ನು ಗಮನಾರ್ಹವೆಂದು ಪರಿಗಣಿಸಲಾಗಿದೆ. ಔಷಧ ಬದಲಾಗುತ್ತದೆ, ರೋಗ ಬದಲಾಗುತ್ತದೆ, ಊರು ಬದಲಾಗುತ್ತದೆ. ಈ ಪರಿಚ್ಛೇದ ಮಾತ್ರ, ಸರ್ಕಾರಿ ಆದೇಶಗಳ ಕೊನೆಯಲ್ಲಿ ಬರುವ ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿನಂತೆ, ಯಥಾವತ್ತಾಗಿ ಉಳಿಯುತ್ತದೆ.

ಮುದ್ರೆಯಂತೆ ಒತ್ತಲ್ಪಡುವ ಈ ಸಾಲುಗಳ ಬಗ್ಗೆ ಸಾಮಾನ್ಯ ಓದುಗರು ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಕಾರಣ ಸರಳವಾಗಿದೆ. ನಾವು ನುಂಗುವ ಬಹುತೇಕ ಮಾತ್ರೆಗಳು ಮನುಷ್ಯರ ಮೇಲಿನ ಪರೀಕ್ಷೆಗೆ ಬರುವ ಮುನ್ನ ಇಲಿ, ಸುಂಡಿಲಿ, ಮೊಲ, ನಾಯಿಗಳ ದೇಹವನ್ನು ಹಾದು ಬಂದಿರುತ್ತವೆ. ಯಾವ ಔಷಧ ಮುಂದೆ ಹೋಗಬೇಕು, ಯಾವುದು ಅಲ್ಲಿಯೇ ನಿಲ್ಲಬೇಕು ಎಂಬ ತೀರ್ಮಾನವನ್ನು ಪ್ರಾಣಿಯು ಹೇಳುವುದಿಲ್ಲ. ಪ್ರಾಣಿಗಳಿಂದ ಪಡೆದ ಅಂಕಿಗಳ ಮೇಲೆ ನಡೆಸಿದ ಲೆಕ್ಕ ಹೇಳುತ್ತದೆ. ಆ ಲೆಕ್ಕ ತಪ್ಪಿದರೆ ಪ್ರಾಣಿಯ ಪ್ರಾಣ, ಸಾರ್ವಜನಿಕರ ಹಣ ಮತ್ತು ಕೊನೆಗೆ ರೋಗಿಯ ನಂಬಿಕೆ, ಈ ಮೂರೂ ವ್ಯರ್ಥವಾಗುತ್ತವೆ. ನಮ್ಮ ದೇಶದಲ್ಲಿ ಪ್ರಾಣಿಪ್ರಯೋಗದ ಚರ್ಚೆ ಕರುಣೆ ಮತ್ತು ವಿಜ್ಞಾನ ಎಂಬ ಎರಡು ಧ್ರುವಗಳ ನಡುವೆಯೇ ನಡೆಯುತ್ತ ಬಂದಿದೆ. ಲೆಕ್ಕದ ಪ್ರಶ್ನೆ ಎರಡೂ ಪಕ್ಷಗಳಿಂದ ಬಹುಮಟ್ಟಿಗೆ ಉಪೇಕ್ಷಿತವಾಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಸಂಖ್ಯಾಶಾಸ್ತ್ರದ ಬಾಗಿಲನ್ನು ತಟ್ಟಿದ ನನಗೆ ಈ ಉಪೇಕ್ಷೆ ಸೋಜಿಗವೆನಿಸುತ್ತದೆ.

ಸೋಜಿಗ ಏಕೆಂದರೆ, ಆಧುನಿಕ ಸಂಖ್ಯಾಶಾಸ್ತ್ರಕ್ಕೂ ಔಷಧಶಾಸ್ತ್ರಕ್ಕೂ ಇರುವ ನಂಟು ಬಹಳ ಹಳೆಯದು. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಕಂಪನಿಯಲ್ಲಿ ನೌಕರನಾಗಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಪ್ರಬಂಧ ಇಂದಿನ ಟಿ ಪರೀಕ್ಷೆಯ ಮೂಲ. ಅದನ್ನು ವಿವರಿಸಲು ಅವರು ಎತ್ತಿಕೊಂಡ ಉದಾಹರಣೆ ಬಾರ್ಲಿಯದ್ದಲ್ಲ. ನಿದ್ರೆ ತರಿಸುವ ಔಷಧಗಳನ್ನು ಪಡೆದ 10 ರೋಗಿಗಳು ಎಷ್ಟು ಗಂಟೆ ಹೆಚ್ಚು ಮಲಗಿದರು ಎಂಬ ಪಟ್ಟಿ. 1920ರ ದಶಕದಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ಬಂದಾಗ ಅದರ ಶಕ್ತಿಯನ್ನು ಅಳೆಯಲು ರಾಸಾಯನಿಕ ವಿಧಾನವಿರಲಿಲ್ಲ. ಮೊಲದ ರಕ್ತದಲ್ಲಿನ ಸಕ್ಕರೆಯನ್ನು ನಿಗದಿತ ಮಟ್ಟಕ್ಕೆ ಇಳಿಸುವ ಪ್ರಮಾಣವನ್ನೇ ಯೂನಿಟ್ ಎಂದು ಕರೆದರು. ಒಂದು ಮೊಲದಂತೆ ಇನ್ನೊಂದು ಮೊಲ ಇರುವುದಿಲ್ಲವಾದ್ದರಿಂದ ಯೂನಿಟ್ ಎಂಬುದು ಅಳತೆಯೂ ಆಗಿತ್ತು, ಅಂದಾಜೂ ಆಗಿತ್ತು. ಹೃದ್ರೋಗಕ್ಕೆ ಕೊಡುತ್ತಿದ್ದ ಡಿಜಿಟಾಲಿಸ್ ಎಲೆಯ ಕಥೆಯೂ ಇದೇ. ಇಂಗ್ಲೆಂಡಿನ ಜೆ. ಡಬ್ಲ್ಯು. ಟ್ರೆವನ್ 1927ರಲ್ಲಿ ಎಲ್‌ಡಿ 50 ಎಂಬ ಕಲ್ಪನೆಯನ್ನು ಮಂಡಿಸಿದ್ದು ಈ ಅನಿಶ್ಚಿತತೆಯನ್ನು ಹತೋಟಿಗೆ ತರಲೆಂದೇ. ಕೊಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಎಂಬ ಅದರ ವ್ಯಾಖ್ಯೆ ಕಿವಿಗೆ ಕ್ರೂರವಾಗಿ ಕೇಳುತ್ತದೆ. ಆದರೆ ‘ಕನಿಷ್ಠ ಮಾರಕ ಪ್ರಮಾಣ’ ಎಂಬ ಅಲ್ಲಿಯವರೆಗಿನ ಅಸ್ಥಿರ ಅಳತೆಗಿಂತ ಅದು ಎಷ್ಟೋ ಪಾಲು ಸ್ಥಿರವಾಗಿತ್ತು.

ಇನ್ನು ಶೇ 5ರ ಗೆರೆಯನ್ನು ಜನಪ್ರಿಯಗೊಳಿಸಿದ ರೊನಾಲ್ಡ್ ಫಿಷರ್. 1938ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು ಅವರೇ. ಪಿ. ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಬಂದಿದ್ದ ಫಿಷರ್ ಆ ಭಾಷಣದಲ್ಲಿ ಆಡಿದ ಒಂದು ಮಾತು ಜಗತ್ಪ್ರಸಿದ್ಧವಾಯಿತು. ಪ್ರಯೋಗವೆಲ್ಲ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದೆಂದರೆ ಶವಪರೀಕ್ಷೆಗೆ ಕರೆದಂತೆ. ಹೆಚ್ಚೆಂದರೆ ಪ್ರಯೋಗ ಯಾವುದರಿಂದ ಸತ್ತಿತೆಂದು ಆತ ಹೇಳಬಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ನೆಲದಲ್ಲಿಯೇ ಆಡಿದ ಈ ಮಾತನ್ನು ನಮ್ಮ ಪ್ರಯೋಗಾಲಯಗಳು ಇನ್ನೂ ಪೂರ್ತಿಯಾಗಿ ಕೇಳಿಸಿಕೊಂಡಂತಿಲ್ಲ.

ಈಗ ಆ ಆರು ಇಲಿಗಳ ವಿಷಯಕ್ಕೆ ಬರೋಣ. ಮಧುಮೇಹಕ್ಕೆ ಒಳಪಡಿಸಿದ ಆರು ಇಲಿಗಳಿಗೆ ಒಂದು ಔಷಧವನ್ನೂ ಬೇರೆ ಆರಕ್ಕೆ ಬರೀ ನೀರನ್ನೂ ಕೊಟ್ಟು, ಕೆಲವು ವಾರಗಳ ನಂತರ ರಕ್ತದ ಸಕ್ಕರೆಯನ್ನು ಅಳೆಯಲಾಗುತ್ತದೆ ಎಂದುಕೊಳ್ಳಿ. ಒಂದೇ ತಳಿಯ, ಒಂದೇ ವಯಸ್ಸಿನ ಇಲಿಗಳಲ್ಲಿಯೂ ಸಕ್ಕರೆಯ ಮಟ್ಟ ಒಂದೇ ಸಮನಾಗಿರುವುದಿಲ್ಲ. ಈ ಸಹಜ ಏರಿಳಿತವನ್ನು ಮಾನಕ ವಿಚಲನೆ ಎಂದು ಅಳೆಯುತ್ತೇವೆ. ಔಷಧದ ನಿಜವಾದ ಪರಿಣಾಮ ಈ ಏರಿಳಿತದಷ್ಟೇ ದೊಡ್ಡದು ಎಂದಿಟ್ಟುಕೊಳ್ಳೋಣ. ಅದೇನೂ ಸಣ್ಣ ಪರಿಣಾಮವಲ್ಲ. ಆದರೂ ಗುಂಪಿಗೆ ಆರು ಇಲಿಗಳಿರುವ ಪ್ರಯೋಗ ಆ ಪರಿಣಾಮವನ್ನು ಶೇ 5ರ ಗೆರೆಯೊಳಗೆ ಪತ್ತೆಹಚ್ಚುವ ಸಂಭವ ಸುಮಾರು ಶೇ 35 ಮಾತ್ರ. ಅಂದರೆ ಔಷಧ ನಿಜಕ್ಕೂ ಕೆಲಸ ಮಾಡಿದ್ದರೂ ಮೂರರಲ್ಲಿ ಎರಡು ಸಲ ನಾವು ‘ಪರಿಣಾಮವಿಲ್ಲ’ ಎಂದು ಬರೆದು ಕಡತ ಮುಚ್ಚುತ್ತೇವೆ. ಈ ಸಂಭವವನ್ನು ಸಾಮಾನ್ಯವಾಗಿ ಒಪ್ಪಿತವಾದ ಶೇ 80ಕ್ಕೆ ಏರಿಸಬೇಕಾದರೆ ಗುಂಪಿಗೆ 17 ಇಲಿಗಳು ಬೇಕು. ಪದವಿ ತರಗತಿಯ ಪಠ್ಯಪುಸ್ತಕದ ಸೂತ್ರಗಳಿಂದ ಯಾರಾದರೂ ಲೆಕ್ಕ ಹಾಕಿ ನೋಡಬಹುದಾದ ಸಂಗತಿ ಇದು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಆರು ಇಲಿಗಳ ಪ್ರಯೋಗ ಗೆರೆ ದಾಟಿ ಗೆಲ್ಲಬೇಕಾದರೆ ಕಂಡುಬಂದ ವ್ಯತ್ಯಾಸ ಮಾನಕ ವಿಚಲನೆಯ ಸುಮಾರು 1.3 ಪಟ್ಟಿಗಿಂತ ಹೆಚ್ಚಿರಬೇಕು. ನಿಜವಾದ ಪರಿಣಾಮ ಒಂದು ಪಟ್ಟು ಮಾತ್ರ ಎಂದು ಮೊದಲೇ ಹೇಳಿದೆ. ಹೀಗಾಗಿ ಗೆದ್ದ ಪ್ರಯೋಗಗಳೆಲ್ಲ ಸಾಮಾನ್ಯವಾಗಿ ಅದೃಷ್ಟದ ನೆರವಿನಿಂದ ಉಬ್ಬಿದ ಪ್ರಯೋಗಗಳೇ ಆಗಿರುತ್ತವೆ. ಹರಾಜಿನಲ್ಲಿ ಗೆದ್ದವನು ವಸ್ತುವಿನ ನಿಜಬೆಲೆಗಿಂತ ಹೆಚ್ಚು ತೆತ್ತಿರುತ್ತಾನೆ ಎಂದು ಅರ್ಥಶಾಸ್ತ್ರಜ್ಞರು ಹೇಳುವ ‘ಗೆದ್ದವನ ಶಾಪ’ ಇಲ್ಲಿಯೂ ಕೆಲಸ ಮಾಡುತ್ತದೆ. ಸೋತ ಪ್ರಯೋಗಗಳು ಕಪಾಟು ಸೇರುತ್ತವೆ, ಉಬ್ಬಿದವು ಅಚ್ಚಾಗುತ್ತವೆ. ಅಚ್ಚಾದವನ್ನು ಓದಿದವರು ಮನುಷ್ಯರ ಮೇಲೆ ಪ್ರಯೋಗಕ್ಕೆ ಸಿದ್ಧರಾಗುತ್ತಾರೆ.

ಮಾನಕ ವಿಚಲನೆ ಮತ್ತು ಮಾನಕ ದೋಷಗಳ ನಡುವಣ ಗೊಂದಲವೂ ಇಂಥದೇ. ಇಲಿಗಳ ಸಕ್ಕರೆಯ ಸರಾಸರಿ 250, ಮಾನಕ ವಿಚಲನೆ 49 ಇದ್ದರೆ ಆರು ಇಲಿಗಳ ಮಾನಕ ದೋಷ 20 ಆಗುತ್ತದೆ. 49ನ್ನು ಆರರ ವರ್ಗಮೂಲದಿಂದ ಭಾಗಿಸಿದರಾಯಿತು. ‘250, ಏರಿಳಿತ 49’ ಎಂದು ಬರೆದರೆ ಇಲಿಗಳು ಎಷ್ಟು ಭಿನ್ನವಾಗಿವೆ ಎಂಬುದು ಓದುಗನಿಗೆ ತಿಳಿಯುತ್ತದೆ. ‘250, ದೋಷ 20’ ಎಂದು ಬರೆದರೆ ನಕ್ಷೆಯ ಕಂಬದ ಮೇಲಿನ ಗೀಟು ಚಿಕ್ಕದಾಗಿ, ಅಂದವಾಗಿ ಕಾಣುತ್ತದೆ. ಎರಡೂ ಸುಳ್ಳಲ್ಲ. ಆದರೆ ಮೊದಲನೆಯದು ಇಲಿಗಳ ಬಗ್ಗೆ ಹೇಳುತ್ತದೆ, ಎರಡನೆಯದು ನಮ್ಮ ಅಂದಾಜಿನ ಬಗ್ಗೆ. ಬಹುಪಾಲು ಪ್ರಬಂಧಗಳು ಎರಡನೆಯದನ್ನೇ ಆರಿಸಿಕೊಳ್ಳುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಅಮೂರ್ತ ಸಂಖ್ಯೆಗಳು ಸಾಕು. ಒಂದು ನೈಜ ಪ್ರಕರಣವನ್ನು ನೋಡೋಣ. ಸ್ಟೀಫನ್ ಹಾಕಿಂಗ್ ಅವರನ್ನು ದಶಕಗಳ ಕಾಲ ಗಾಲಿಕುರ್ಚಿಗೆ ಕಟ್ಟಿಹಾಕಿದ ಎಎಲ್ಎಸ್ ಎಂಬ ನರರೋಗ ಹಲವರಿಗೆ ಪರಿಚಿತ. ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಒಂದೊಂದಾಗಿ ಸಾಯುವ ಈ ಕಾಯಿಲೆಗೆ ಔಷಧ ಹುಡುಕಲು ವಿಜ್ಞಾನಿಗಳು ವಿಶೇಷ ಸುಂಡಿಲಿಯೊಂದನ್ನು ಸೃಷ್ಟಿಸಿದ್ದರು. (ಕನ್ನಡದಲ್ಲಿ ರ‍್ಯಾಟ್ ಮತ್ತು ಮೌಸ್ ಎರಡೂ ಇಲಿಯೇ, ಚಿಕ್ಕದನ್ನು ಇಲ್ಲಿ ಸುಂಡಿಲಿ ಎಂದಿದ್ದೇನೆ.) ದೋಷಯುಕ್ತ ಮಾನವ ಜೀನಿನ ಹಲವು ಪ್ರತಿಗಳನ್ನು ಹೊತ್ತು ಹುಟ್ಟುವ ಈ ಸುಂಡಿಲಿಗಳಿಗೆ ಅದೇ ಬಗೆಯ ಕಾಯಿಲೆ ಬರುತ್ತದೆ. ಇವುಗಳ ಆಯುಷ್ಯವನ್ನು ಹೆಚ್ಚಿಸಿದವೆಂದು ಅನೇಕ ಔಷಧಗಳ ಬಗ್ಗೆ ವರದಿಗಳು ಬಂದವು. ಮೊಡವೆಗೂ ಸೋಂಕಿಗೂ ವೈದ್ಯರು ಬರೆಯುವ ಮಿನೊಸೈಕ್ಲಿನ್ ಅವುಗಳಲ್ಲಿ ಒಂದು. ಸುಂಡಿಲಿಗಳಲ್ಲಿ ಫಲ ಕಂಡಿತೆಂಬ ಭರವಸೆಯಿಂದ 412 ರೋಗಿಗಳ ಮೇಲೆ ಅದರ ಪರೀಕ್ಷೆ ನಡೆಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಆಘಾತಕಾರಿಯಾಗಿತ್ತು. ಔಷಧ ಪಡೆದವರ ಸ್ಥಿತಿ ಹುಸಿ ಮಾತ್ರೆ ಪಡೆದವರಿಗಿಂತ ಶೇ 25ರಷ್ಟು ವೇಗವಾಗಿ ಹದಗೆಟ್ಟಿತ್ತು.

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಈ ರೋಗಕ್ಕೆಂದೇ ಸ್ಥಾಪಿತವಾದ ಎಎಲ್ಎಸ್ ಥೆರಪಿ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಈ ಹಿಂದಿನ ವರದಿಗಳನ್ನು ಮತ್ತೆ ಪರೀಕ್ಷಿಸಿದರು. ಐದು ವರ್ಷಗಳಲ್ಲಿ 70ಕ್ಕೂ ಹೆಚ್ಚು ಔಷಧಗಳು, 221 ಅಧ್ಯಯನಗಳು, 18,000 ಸುಂಡಿಲಿಗಳು. 2008ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಹೀಗಿತ್ತು: ಮೊದಲು ಫಲಕಾರಿ ಎಂದು ವರದಿಯಾಗಿದ್ದ ಔಷಧಗಳಾವುವೂ ಸುಂಡಿಲಿಗಳ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಹಿಂದಿನ ಪರಿಣಾಮಗಳಲ್ಲಿ ಬಹುಪಾಲು ಔಷಧದ್ದಲ್ಲ, ಸಂಖ್ಯೆಗಳ ಸಹಜ ಗದ್ದಲದ್ದು.

ಗದ್ದಲ ಬಂದದ್ದಾದರೂ ಎಲ್ಲಿಂದ? ಈ ತಳಿಯ ಹೆಣ್ಣು ಸುಂಡಿಲಿಗಳು ಗಂಡುಗಳಿಗಿಂತ ಕೆಲವು ದಿನ ಹೆಚ್ಚು ಬದುಕುತ್ತವೆ. ಒಂದು ಗುಂಪಿಗೆ ಹೆಣ್ಣುಗಳು ಹೆಚ್ಚಾಗಿ ಬಿದ್ದರೆ ಆ ಗುಂಪಿನ ಆಯುಷ್ಯ ತಾನಾಗಿಯೇ ಹೆಚ್ಚುತ್ತದೆ. ಒಂದೇ ಸೂಲಿನ ಮರಿಗಳು ಒಂದನ್ನೊಂದು ಹೋಲುತ್ತವೆ. ಅವೆಲ್ಲ ಒಂದೇ ಕಡೆ ಸೇರಿದರೆ ಎಣಿಕೆಗೆ ಹತ್ತು ಪ್ರಾಣಿಗಳಿದ್ದರೂ ಮಾಹಿತಿಯ ದೃಷ್ಟಿಯಿಂದ ಅವು ಮೂರೋ ನಾಲ್ಕೋ ಆಗಿರುತ್ತವೆ. ಕೆಲವು ಮರಿಗಳಲ್ಲಿ ಆ ದೋಷಯುಕ್ತ ಜೀನಿನ ಪ್ರತಿಗಳು ಕಳೆದುಹೋಗಿ, ಔಷಧದ ಹಂಗಿಲ್ಲದೆಯೇ ಅವು ಹೆಚ್ಚು ಕಾಲ ಬಾಳುತ್ತವೆ. ಮತ್ತೆ ಕೆಲವು ಈ ಕಾಯಿಲೆಗೆ ಸಂಬಂಧವೇ ಇಲ್ಲದ ಕಾರಣಗಳಿಂದ ಸಾಯುತ್ತವೆ. ಗುಂಪು ಚಿಕ್ಕದಾದಷ್ಟೂ ಇಂತಹ ಆಕಸ್ಮಿಕಗಳು ಔಷಧದ ವೇಷ ಧರಿಸುವುದು ಸುಲಭ. ಗಂಡು ಹೆಣ್ಣುಗಳನ್ನು ಸರಿದೂಗಿಸಿ, ಒಂದೇ ಸೂಲಿನ ಮರಿಗಳನ್ನು ಎರಡೂ ಗುಂಪುಗಳಿಗೆ ಹಂಚಿ, ಗುಂಪಿಗೆ ಕನಿಷ್ಠ 24 ಸುಂಡಿಲಿಗಳನ್ನು ಬಳಸಬೇಕೆಂದು ಆ ಸಂಶೋಧಕರು ಸಲಹೆ ಮಾಡಿದರು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ವರದಿಗಳನ್ನು ಬಳಸಿದವರಿಗೆ ಇದರ ಮರ್ಮ ಬೇಗ ಅರ್ಥವಾಗುತ್ತದೆ. ಒಂದೇ ಹಳ್ಳಿಯ ಹತ್ತು ಮನೆಗಳನ್ನು ವಿಚಾರಿಸುವುದೂ ಹತ್ತು ಹಳ್ಳಿಗಳ ಒಂದೊಂದು ಮನೆಯನ್ನು ವಿಚಾರಿಸುವುದೂ ಒಂದೇ ಅಲ್ಲ. ಬರ ಬಂದರೆ ಹಳ್ಳಿಗೆ ಹಳ್ಳಿಯೇ ಬಡವಾಗುತ್ತದೆ. ಪ್ರಯೋಗಾಲಯದಲ್ಲಿ ಪಂಜರವೇ ಹಳ್ಳಿ. ಒಂದು ಪಂಜರ ತಂಪು ಯಂತ್ರದ ಪಕ್ಕದಲ್ಲಿದ್ದರೆ, ಇನ್ನೊಂದರಲ್ಲಿ ಜಗಳಗಂಟ ಗಂಡಿಲಿಯೊಂದಿದ್ದರೆ, ಆ ಪಂಜರದ ಎಲ್ಲ ಪ್ರಾಣಿಗಳ ಅಂಕಿಗಳೂ ಒಟ್ಟಿಗೆ ಏರುತ್ತವೆ ಅಥವಾ ಇಳಿಯುತ್ತವೆ. ಹಾಗಿದ್ದೂ ಪ್ರತಿ ಇಲಿಯನ್ನೂ ಸ್ವತಂತ್ರ ಸಾಕ್ಷಿಯೆಂದು ಎಣಿಸುವ ರೂಢಿ ವ್ಯಾಪಕವಾಗಿದೆ. ಒಂದೇ ಇಲಿಯ ಮೂರು ರಕ್ತದ ಮಾದರಿಗಳನ್ನು ಮೂರು ಇಲಿಗಳೆಂದು ಎಣಿಸಿದ ಪ್ರಬಂಧಗಳೂ ಇಲ್ಲದಿಲ್ಲ.

ಗುಂಪುಗಳಿಗೆ ಹಂಚುವ ರೀತಿಯನ್ನೂ ಗಮನಿಸಬೇಕು. ಪಂಜರಕ್ಕೆ ಕೈ ಹಾಕಿದಾಗ ಮೊದಲು ಸಿಕ್ಕಿಬೀಳುವ ಇಲಿ ನಿಧಾನದ್ದು, ಬಳಲಿದ್ದು. ಮೊದಲು ಸಿಕ್ಕ ಆರನ್ನು ಒಂದು ಗುಂಪಿಗೂ ಅನಂತರದ ಆರನ್ನು ಇನ್ನೊಂದಕ್ಕೂ ಹಾಕಿದರೆ ಔಷಧ ಕೊಡುವ ಮೊದಲೇ ಎರಡೂ ಗುಂಪುಗಳು ಬೇರೆಯಾಗಿರುತ್ತವೆ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚುವುದೇ ಇದಕ್ಕೆ ಪರಿಹಾರ. ಯಾವುದು ಯಾವ ಗುಂಪು ಎಂದು ಅಳೆಯುವವನಿಗೆ ತಿಳಿಯದಂತೆ ಇಡುವುದು ಇನ್ನೊಂದು. ಎರಡಕ್ಕೂ ಖರ್ಚೇನೂ ಇಲ್ಲ. ಹೀಗಿದ್ದೂ ಬ್ರಿಟನ್ ಮತ್ತು ಅಮೆರಿಕಗಳ ಸಾರ್ವಜನಿಕ ಅನುದಾನದಲ್ಲಿ ನಡೆದ ಪ್ರಾಣಿ ಅಧ್ಯಯನಗಳ 271 ಪ್ರಬಂಧಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶೇ 87ರಷ್ಟು ಪ್ರಬಂಧಗಳಲ್ಲಿ ಯಾದೃಚ್ಛಿಕ ಹಂಚಿಕೆಯ ಉಲ್ಲೇಖವಿರಲಿಲ್ಲ. ಶೇ 86ರಷ್ಟರಲ್ಲಿ ಮರೆಮಾಚಿ ಅಳೆದ ಉಲ್ಲೇಖವಿರಲಿಲ್ಲ. ಇಷ್ಟೇ ಪ್ರಾಣಿಗಳು ಏಕೆ ಎಂಬುದಕ್ಕೆ ವಿವರವಾಗಿ ಪರಿಶೀಲಿಸಿದ 48 ಪ್ರಬಂಧಗಳಲ್ಲಿ ಒಂದರಲ್ಲಿಯೂ ಉತ್ತರವಿರಲಿಲ್ಲ. ಈ ಸಮೀಕ್ಷೆಯ ಬೆನ್ನಿಗೇ 2010ರಲ್ಲಿ ‘ಅರೈವ್’ ಎಂಬ ಮಾರ್ಗಸೂಚಿ ಬಂತು. 2020ರಲ್ಲಿ ಅದರ ಪರಿಷ್ಕೃತ ರೂಪ ಪ್ರಕಟವಾಯಿತು.

ಪಾರ್ಶ್ವವಾಯುವಿನ ಔಷಧಗಳ ಇತಿಹಾಸ ಇದೇ ಪಾಠವನ್ನು ಹೆಚ್ಚು ದುಬಾರಿ ಬೆಲೆಗೆ ಕಲಿಸಿತು. 2006ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಪಾರ್ಶ್ವವಾಯುವಿಗೆಂದು ಪ್ರಯೋಗಕ್ಕೆ ಒಳಗಾದ 1,026 ಚಿಕಿತ್ಸೆಗಳನ್ನು ಪಟ್ಟಿ ಮಾಡಿತ್ತು. ಮಿದುಳಿನ ಕೋಶಗಳನ್ನು ರಕ್ಷಿಸುತ್ತವೆಂದು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ್ದ ಔಷಧಗಳು ಮನುಷ್ಯರಲ್ಲಿ ಒಂದಾದ ಮೇಲೊಂದು ಕೈಕೊಟ್ಟವು. ಎನ್ಎಕ್ಸ್‌ವೈ-059 ಎಂಬ ಔಷಧ 3,000ಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಸೋತ ಮೇಲೆ, ಅದರ ಹಿಂದಿನ ಪ್ರಾಣಿಪ್ರಯೋಗಗಳನ್ನು ಜಾಲಾಡಿದವರಿಗೆ ಕಂಡದ್ದು ಇಷ್ಟು: ಯಾದೃಚ್ಛಿಕ ಹಂಚಿಕೆ ಮತ್ತು ಮರೆಮಾಚಿದ ಅಳತೆ ಇದ್ದ ಅಧ್ಯಯನಗಳಲ್ಲಿ ಔಷಧದ ಫಲ ಗಮನಾರ್ಹವಾಗಿ ಕಡಿಮೆಯಿತ್ತು. ಅಂದರೆ ಎಚ್ಚರಿಕೆಯ ಗಂಟೆ ಪ್ರಾಣಿಗಳ ಅಂಕಿಗಳಲ್ಲಿಯೇ ಇತ್ತು.

ಪರೀಕ್ಷೆಗಳ ಆಯ್ಕೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಐದು ಗುಂಪುಗಳಿದ್ದರೆ ಹತ್ತು ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಒಂದೊಂದು ಟಿ ಪರೀಕ್ಷೆ ನಡೆಸಿದರೆ, ಔಷಧ ಬರೀ ನೀರಾಗಿದ್ದರೂ ಸರಿಸುಮಾರು ನಾಲ್ಕರಲ್ಲಿ ಒಂದು ಸಲ ಎಲ್ಲಾದರೂ ಒಂದು ‘ಗಮನಾರ್ಹ’ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಅನೋವಾ, ಡನೆಟ್ ಮೊದಲಾದ ವಿಧಾನಗಳಿವೆ. ಇವನ್ನು ನಮ್ಮ ಸಂಶೋಧಕರು ಈಗ ಧಾರಾಳವಾಗಿಯೇ ಬಳಸುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ತೊಂದರೆ ಇರುವುದು ಗುಂಡಿ ಒತ್ತುವ ಮೊದಲಿನ ಹಂತದಲ್ಲಿ. ತಪ್ಪಾಗಿ ಹಂಚಿದ ಇಲಿಗಳನ್ನು ಯಾವ ಸಾಫ್ಟ್‌ವೇರೂ ಮರಳಿ ಸರಿಯಾಗಿ ಹಂಚಲಾರದು. ಪಿ ಮೌಲ್ಯವೊಂದನ್ನೇ ನೆಚ್ಚಿ ವೈಜ್ಞಾನಿಕ ತೀರ್ಮಾನಕ್ಕೆ ಬರಬಾರದೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಅಧಿಕೃತ ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ನಮ್ಮ ದೇಶದ ವ್ಯವಸ್ಥೆ ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದಿದೆ. ದೀರ್ಘಕಾಲ ಸಿಪಿಸಿಎಸ್‌ಇಎ ಎಂದು ಹೆಸರಾಗಿದ್ದ ಅದು ಈಗ ಸಿಸಿಎಸ್‌ಇಎ. 1998ರ ನಿಯಮಗಳ ಪ್ರಕಾರ ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲಿಯೂ ನೈತಿಕ ಸಮಿತಿ ಇರಬೇಕು. ಜೀವವಿಜ್ಞಾನಿ, ಬೇರೆ ವಿಭಾಗಗಳ ಇಬ್ಬರು ವಿಜ್ಞಾನಿಗಳು, ಪಶುವೈದ್ಯ, ಪ್ರಾಣಿಗೃಹದ ಉಸ್ತುವಾರಿ, ಹೊರಗಿನ ಒಬ್ಬ ವಿಜ್ಞಾನಿ, ಸಾಮಾಜಿಕ ಕಳಕಳಿಯ ವಿಜ್ಞಾನೇತರ ಸದಸ್ಯ, ಕೇಂದ್ರ ಸಮಿತಿಯ ಪ್ರತಿನಿಧಿ, ಹೀಗೆ ಎಲ್ಲರಿಗೂ ಅಲ್ಲಿ ಸ್ಥಾನವಿದೆ. ಸಂಖ್ಯಾಶಾಸ್ತ್ರಜ್ಞನಿಗೆ ಕಡ್ಡಾಯ ಸ್ಥಾನವಿಲ್ಲ.

ನಿವೃತ್ತಿಯ ನಂತರ ಕೆಲವು ವರ್ಷ ಇಂತಹ ಒಂದು ಸಮಿತಿಯಲ್ಲಿ ನಾನು ವಿಜ್ಞಾನೇತರ ಸದಸ್ಯನಾಗಿದ್ದೆ. ಅರ್ಜಿ ನಮೂನೆಯಲ್ಲಿ ‘ಇಷ್ಟು ಪ್ರಾಣಿಗಳು ಏಕೆ ಅಗತ್ಯ’ ಎಂದು ಕೇಳುವ ಅಂಕಣವಿದೆ. ಅದರಲ್ಲಿ ಬರುತ್ತಿದ್ದ ಉತ್ತರ ಬಹುತೇಕ ಒಂದೇ: ಹಿಂದಿನ ಪ್ರಬಂಧಗಳಲ್ಲಿ ಆರು ಬಳಸಿದ್ದಾರೆ, ಆದ್ದರಿಂದ ಆರು. ಹಿಂದಿನವರು ಏಕೆ ಆರು ಬಳಸಿದರು ಎಂದು ಕೇಳಿದರೆ ಯುವ ಸಂಶೋಧಕರು ಮಾರ್ಗದರ್ಶಕರ ಮುಖ ನೋಡುತ್ತಿದ್ದರು. ಇನ್ನು ಯಾರಾದರೂ ಎಂಟೋ ಹತ್ತೋ ಕೇಳಿದರೆ, ಕರುಣೆಯ ಹೆಸರಿನಲ್ಲಿ ಆರಕ್ಕೆ ಇಳಿಸಿ ಒಪ್ಪಿಗೆ ಕೊಡುವುದು ವಾಡಿಕೆಯಾಗಿತ್ತು. ಹಣಕಾಸು ಇಲಾಖೆಯ ಕಾರ್ಯವೈಖರಿಯನ್ನು ಹತ್ತಿರದಿಂದ ಕಂಡ ನನಗೆ ಇದು ಅಪರಿಚಿತವೇನಲ್ಲ. ಯಾವ ಪ್ರಸ್ತಾವ ಬಂದರೂ ಕಾಲುಭಾಗ ಕಡಿತ ಮಾಡಿ ಕಳುಹಿಸುವುದು ಮಿತವ್ಯಯ ಎನ್ನಿಸಿಕೊಳ್ಳುತ್ತದೆ. ಸೇತುವೆಯ ಅಂದಾಜಿನಲ್ಲಿ ಕಾಲುಭಾಗ ಕಡಿದರೆ ಉಳಿಯುವುದು ಮುಕ್ಕಾಲು ಸೇತುವೆ. ಅದರ ಮೇಲೆ ಯಾರೂ ಹೊಳೆ ದಾಟಲಾರರು. ಖರ್ಚಾದ ಮುಕ್ಕಾಲು ಹಣವೂ ನೀರುಪಾಲು.

1959ರಲ್ಲಿ ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ ಪ್ರಾಣಿಪ್ರಯೋಗಕ್ಕೆ ಮೂರು ಸೂತ್ರಗಳನ್ನು ಕೊಟ್ಟರು: ಸಾಧ್ಯವಾದರೆ ಪರ್ಯಾಯ ಬಳಸಿ, ಸಂಖ್ಯೆ ಕಡಿಮೆ ಮಾಡಿ, ನೋವು ತಗ್ಗಿಸಿ. ಎರಡನೆಯ ಸೂತ್ರವನ್ನು ನಮ್ಮ ಸಮಿತಿಗಳು ಅಕ್ಷರಶಃ ಅನುಸರಿಸುತ್ತಿವೆ, ಅರ್ಥಶಃ ಅಲ್ಲ. ಸಂಖ್ಯೆ ಕಡಿಮೆ ಮಾಡುವುದೆಂದರೆ ಉತ್ತರ ಸಿಗುವಷ್ಟು ಪ್ರಾಣಿಗಳನ್ನು ಬಳಸಿ, ಅದಕ್ಕಿಂತ ಒಂದೂ ಹೆಚ್ಚು ಬಳಸದಿರುವುದು. ಉತ್ತರವೇ ಸಿಗದ ಪ್ರಯೋಗದಲ್ಲಿ 30 ಇಲಿಗಳನ್ನು ಕೊಲ್ಲುವುದು, ಉತ್ತರ ಸಿಗುವ ಪ್ರಯೋಗದಲ್ಲಿ 60 ಇಲಿಗಳನ್ನು ಬಳಸುವುದಕ್ಕಿಂತ ಹೆಚ್ಚು ಕರುಣೆಯದ್ದೆಂದು ನಾನು ಒಪ್ಪಲಾರೆ.

ಇದರಿಂದ ಸಾಯುವ ಪ್ರಾಣಿಗಳ ಸಂಖ್ಯೆ ದುಪ್ಪಟ್ಟಾಗುವುದಿಲ್ಲವೇ ಎಂದು ಪ್ರಾಣಿದಯಾ ಕಾರ್ಯಕರ್ತರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ಪ್ರಯೋಗ ದೊಡ್ಡದಾಗಬೇಕು, ಆದರೆ ಪ್ರಯೋಗಗಳ ಸಂಖ್ಯೆ ಇಳಿಯಬೇಕು ಎಂಬುದು ಮೊದಲ ಉತ್ತರ. ಒಳ್ಳೆಯ ಸಂಖ್ಯಾಶಾಸ್ತ್ರ ಪ್ರಾಣಿಗಳನ್ನು ಉಳಿಸಿದ ನಿದರ್ಶನವಿದೆ ಎಂಬುದು ಎರಡನೆಯದು. ಮೇಲೆ ಹೇಳಿದ ಎಲ್‌ಡಿ 50 ಪರೀಕ್ಷೆಗೆ ಒಂದು ಕಾಲದಲ್ಲಿ ಹತ್ತಾರು ಪ್ರಾಣಿಗಳು ಬೇಕಾಗುತ್ತಿದ್ದವು. ಅದನ್ನು ವಿಧಿಸುತ್ತಿದ್ದ ಒಇಸಿಡಿ ಸಂಘಟನೆಯ ಮಾರ್ಗಸೂಚಿ 2002ರ ಡಿಸೆಂಬರಿನಲ್ಲಿ ರದ್ದಾಯಿತು. ಅದರ ಜಾಗಕ್ಕೆ ಬಂದ ವಿಧಾನಗಳಲ್ಲಿ ಒಂದು ‘ಏರಿಳಿಕೆ ಕ್ರಮ’. ಒಂದು ಪ್ರಾಣಿಗೆ ಒಂದು ಪ್ರಮಾಣ ಕೊಡುವುದು. ಅದು ಬದುಕಿದರೆ ಮುಂದಿನದಕ್ಕೆ ಹೆಚ್ಚು, ಸತ್ತರೆ ಕಡಿಮೆ. ಹೆಚ್ಚೆಂದರೆ 15 ಪ್ರಾಣಿಗಳಲ್ಲಿ, ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆಯಲ್ಲಿ ಉತ್ತರ ಸಿಗುತ್ತದೆ. ಈ ಲೆಕ್ಕದ ಮೂಲ 1948ರಲ್ಲಿ ಡಿಕ್ಸನ್ ಮತ್ತು ಮೂಡ್ ಪ್ರಕಟಿಸಿದ ವಿಧಾನ. ಅದು ಹುಟ್ಟಿದ್ದು ಸ್ಫೋಟಕಗಳ ಪರೀಕ್ಷೆಗಾಗಿ. ಸಿಡಿಮದ್ದಿಗೆಂದು ಕಂಡುಹಿಡಿದ ಲೆಕ್ಕ ಲೆಕ್ಕವಿಲ್ಲದಷ್ಟು ಇಲಿಗಳ ಪ್ರಾಣ ಉಳಿಸಿದ್ದು ವಿಚಿತ್ರವಾದರೂ ನಿಜ. ಹಾಗೆಯೇ ಗಂಡು ಹೆಣ್ಣುಗಳೆರಡನ್ನೂ ಒಂದೇ ವಿನ್ಯಾಸದಲ್ಲಿ ಸೇರಿಸಿ, ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯುವ ಕ್ರಮವನ್ನು ಫಿಷರ್ ಹೊಲಗದ್ದೆಗಳ ಪ್ರಯೋಗದಲ್ಲಿಯೇ ತೋರಿಸಿಕೊಟ್ಟಿದ್ದರು.

ನಮ್ಮಲ್ಲಿ ಈ ಮಾತಿಗೆ ವಿಶೇಷ ಮಹತ್ವವಿರುವುದು ಗಿಡಮೂಲಿಕೆಗಳ ಸಂಶೋಧನೆಯ ಕಾರಣದಿಂದ. ಯಾವುದೋ ಎಲೆಯ ಅಥವಾ ಬೇರಿನ ಸಾರ ಇಲಿಯ ಯಕೃತ್ತನ್ನು ರಕ್ಷಿಸಿತು, ಸಕ್ಕರೆಯನ್ನು ಇಳಿಸಿತು ಎಂಬ ಪ್ರಬಂಧಗಳು ದೇಶದ ಫಾರ್ಮಸಿ ಕಾಲೇಜುಗಳಿಂದ ಹೇರಳವಾಗಿ ಬರುತ್ತಿವೆ. ಇವುಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದ್ದರು. ಇನ್ನೊಂದು ಸರ್ಪಗಂಧ ಈ ಪ್ರಬಂಧಗಳ ರಾಶಿಯಲ್ಲಿ ಅಡಗಿರಲೂಬಹುದು. ಆದರೆ ಗುಂಪಿಗೆ ಆರರಂತೆ ನಡೆದ, ಮರೆಮಾಚದ, ಗೆದ್ದದ್ದು ಮಾತ್ರ ಅಚ್ಚಾದ ನೂರು ಪ್ರಯೋಗಗಳಲ್ಲಿ ಅದನ್ನು ಗುರುತಿಸುವ ಬಗೆ ಯಾವುದು? ಸ್ನಾತಕೋತ್ತರ ವಿದ್ಯಾರ್ಥಿಗೆ ಪ್ರಬಂಧ ಮುಗಿಸಲು ಇರುವುದು ಕೆಲವೇ ತಿಂಗಳು, ಸಿಗುವ ಹಣ ಅಲ್ಪ. ಒಬ್ಬೊಬ್ಬರೂ ಒಂದೊಂದು ಚಿಕ್ಕ, ಉತ್ತರವಿಲ್ಲದ ಪ್ರಯೋಗ ನಡೆಸುವ ಬದಲು ನಾಲ್ಕಾರು ಕಾಲೇಜುಗಳು ಕೂಡಿ ಒಂದೇ ಯೋಜನೆಯಡಿ ಒಂದು ಸಾರವನ್ನು ಸರಿಯಾಗಿ ಪರೀಕ್ಷಿಸಬಾರದೇಕೆ? ಬೇರೆ ಬೇರೆ ಊರುಗಳ ಪ್ರಾಣಿಗೃಹಗಳಲ್ಲಿ ಒಂದೇ ಫಲ ಬಂದರೆ ಅದರ ತೂಕವೇ ಬೇರೆ. ವಿದ್ಯಾರ್ಥಿಗಳಿಗೂ ಅಂಕಗಳ ಜೊತೆ ವಿದ್ಯೆ ದಕ್ಕೀತು.

ಪ್ರಾಣಿಪ್ರಯೋಗವೇ ಹಿಂದೆ ಸರಿಯುತ್ತಿರುವಾಗ ಈ ಚಿಂತೆ ಏಕೆ ಎನ್ನುವವರೂ ಇದ್ದಾರೆ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ಅಮೆರಿಕ 2022ರ ಕೊನೆಯಲ್ಲಿ ಸಡಿಲಿಸಿತು. ಭಾರತವೂ 2023ರಲ್ಲಿ ತನ್ನ ನಿಯಮಗಳನ್ನು ತಿದ್ದಿ ಕೋಶಾಧಾರಿತ ಮತ್ತು ಕಂಪ್ಯೂಟರ್ ಆಧಾರಿತ ಪರ್ಯಾಯಗಳಿಗೆ ಬಾಗಿಲು ತೆರೆದಿದೆ. ಇದು ಸ್ವಾಗತಾರ್ಹ. ಆದರೆ ಪ್ರಾಣಿಗೃಹಗಳು ನಾಳೆಯೇ ಮುಚ್ಚುವುದಿಲ್ಲ. ಇಲಿಯ ಬದಲು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅಂಗಾಂಶ ಬಂದರೂ ತಟ್ಟೆಗಳನ್ನು ಎಣಿಸುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಮೆರಿಕದ ಆಮ್‌ಜೆನ್ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರ್ ಕ್ಷೇತ್ರದ 53 ಮಹತ್ವದ ಅಧ್ಯಯನಗಳನ್ನು ಮರುಪರೀಕ್ಷಿಸಿ ಆರನ್ನು ಮಾತ್ರ ದೃಢಪಡಿಸಲು ಸಾಧ್ಯವಾಯಿತೆಂದು 2012ರಲ್ಲಿ ವರದಿ ಮಾಡಿದಾಗ, ಅವುಗಳಲ್ಲಿ ಕೋಶಗಳ ಮೇಲಿನ ಪ್ರಯೋಗಗಳೂ ಇದ್ದವು.

ಮನುಷ್ಯರ ಮೇಲಿನ ಔಷಧ ಪರೀಕ್ಷೆಗಳಲ್ಲಿ ನಾವು ಒಂದು ಒಳ್ಳೆಯ ಕೆಲಸ ಮಾಡಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಆರಂಭಿಸಿದ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿ ಪರೀಕ್ಷೆಯ ಯೋಜನೆಯನ್ನೂ ಮೊದಲೇ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಯಿತು. ಏನನ್ನು ಅಳೆಯುತ್ತೇವೆ, ಎಷ್ಟು ಜನರಲ್ಲಿ ಅಳೆಯುತ್ತೇವೆ ಎಂದು ಮುಂಚಿತವಾಗಿ ಬರೆದುಕೊಟ್ಟ ಮೇಲೆ ಫಲಿತಾಂಶ ನೋಡಿ ಪ್ರಶ್ನೆಯನ್ನು ಬದಲಿಸುವುದು ಕಷ್ಟ. ಸೋತ ಪರೀಕ್ಷೆಯನ್ನು ಕಪಾಟಿನಲ್ಲಿ ಹೂಳುವುದೂ ಕಷ್ಟ. ಪ್ರಾಣಿ ಅಧ್ಯಯನಗಳಿಗೆ ಇಂತಹ ನೋಂದಣಿಯನ್ನು ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು 2019ರಲ್ಲಿ ಆರಂಭಿಸಿದೆ. ನಮ್ಮಲ್ಲಿ ಪ್ರತಿ ಪ್ರಸ್ತಾವವೂ ಹೇಗಿದ್ದರೂ ನೈತಿಕ ಸಮಿತಿಯ ಮುಂದೆ ಬರಲೇಬೇಕು. ಅರ್ಜಿ ಆಗಲೇ ಕಡತದಲ್ಲಿರುತ್ತದೆ. ಅದನ್ನು ಸಾರ್ವಜನಿಕ ದಾಖಲೆಯಾಗಿಸುವುದು ಆಡಳಿತದ ದೃಷ್ಟಿಯಿಂದ ದೊಡ್ಡ ಸಾಹಸವಲ್ಲ. ಪೇಟೆಂಟ್ ಕಾರಣಕ್ಕೆ ಗೋಪ್ಯತೆ ಬೇಕೆನ್ನುವವರಿಗೆ ಒಂದೆರಡು ವರ್ಷದ ಕಾಲಾವಕಾಶ ಕೊಡಬಹುದು.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೂ ಚಿಕ್ಕದು. ಅರ್ಜಿ ನಮೂನೆಯಲ್ಲಿ ಪ್ರಾಣಿಗಳ ಸಂಖ್ಯೆಯ ಸಮರ್ಥನೆ ಕೇಳುವ ಅಂಕಣ ಆಗಲೇ ಇದೆ. ಅದರ ಕೆಳಗೆ ನಾಲ್ಕು ಉಪಪ್ರಶ್ನೆಗಳನ್ನು ಸೇರಿಸಿದರೆ ಸಾಕು: ಎಷ್ಟು ದೊಡ್ಡ ಪರಿಣಾಮವನ್ನು ಹುಡುಕುತ್ತಿದ್ದೀರಿ, ಅದನ್ನು ಪತ್ತೆಹಚ್ಚುವ ಸಂಭವ ಎಷ್ಟು, ಇಲಿಗಳನ್ನು ಗುಂಪುಗಳಿಗೆ ಹಂಚುವುದು ಹೇಗೆ, ಅಳೆಯುವವರಿಗೆ ಗುಂಪು ತಿಳಿದಿರುತ್ತದೆಯೇ. ಉತ್ತರದ ಕೆಳಗೆ ಸಂಖ್ಯಾಶಾಸ್ತ್ರ ಬಲ್ಲ ಒಬ್ಬರ ಸಹಿ ಇರಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿಗೆ ಕೊರತೆಯಿಲ್ಲ. ಪಕ್ಕದ ಕಟ್ಟಡದ ಅಧ್ಯಾಪಕರೊಬ್ಬರು ತಿಂಗಳಿಗೆ ಒಂದು ಮಧ್ಯಾಹ್ನ ಕೊಟ್ಟರೆ ಆಗುವ ಕೆಲಸ. ಇದಕ್ಕೆ ಸಂಸತ್ತು ಸೇರಬೇಕಾಗಿಲ್ಲ, ಕಾಯಿದೆಗೆ ತಿದ್ದುಪಡಿ ಬೇಕಾಗಿಲ್ಲ. ಕೇಂದ್ರ ಸಮಿತಿಯಿಂದ ಎರಡು ಪುಟದ ಸುತ್ತೋಲೆಯೊಂದು ಹೊರಟರೆ ಮುಂದಿನ ತಿಂಗಳ ಅರ್ಜಿಗಳಿಂದಲೇ ಇದನ್ನು ಜಾರಿಗೆ ತರಬಹುದು.